ನಿರುಪಾದೆಪ್ಪ ಟೇಲರನ ರೇಡಿಯೇಟರ್ ದಿಗ್ವಿಜಯ

ಕಲಿಯುಗದ ಪ್ರಥಮ ಪಾದದಲ್ಲಿ, ಭರತಖಂಡದ ದಕ್ಷಿಣ ಭಾಗದಲ್ಲಿ, ಗದಗ-ಬೆಟಗೇರಿ ಎಂಬ ಅವಳಿ ಪಟ್ಟಣದಲ್ಲಿ, ಮಗ್ಗಗಳು ಹಗಲಿಡೀ ಕಟಕಟಿಸುವ ಒಂದು ಬೀದಿಯ ಎಡಗಡೆಯ ಮೂರನೆಯ ಮನೆಯ ಮುಂದೆ, ಕಾರ್ತಿಕ ಮಾಸದ ಮಂಗಳವಾರ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಆರಂಭವಾದ ಘೋರ ಸಂಗ್ರಾಮದ ಕಥೆಯನ್ನು ಕೇಳಿರಿ. ಎಲೈ ಯಂತ್ರಾಧಿದೇವತೆಯೇ, ಗ್ರೀಸುಲೇಪಿತಾಂಗಿಯೇ, ಪಾನಾಪಕ್ಕಡಧಾರಿಣಿಯೇ, ನನ್ನ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಬಂದು ಕೂರು. ಬಾನೆಟ್ಟಿನ ಮೇಲೆ ಮಾತ್ರ ಕೂರಬೇಡ ತಾಯಿ, ಅದು ಕಾದಿದೆ.

ಈ ಕಾವ್ಯದ ನಾಯಕನು ಕತ್ತರೀಪಾಣಿ, ಸೂಚೀಧುರಂಧರ, ಕಂಠಲಂಬಿತಮಾಪನಪಟ್ಟಿಕ, ಸಕಲವರಸಮೂಹಸಫಾರಿಸೂಟಶಿಲ್ಪಿ, ಟೇಲರ್ ನಿರುಪಾದೆಪ್ಪ ಸಿಂಪಿ. ವಯಸ್ಸು ಅರವತ್ತೊಂದು. ಅವನ ರಥವೋ, ದಧಿವರ್ಣಶೋಭಿತವೂ ಧೂಮೋದ್ಗಾರಗಂಭೀರವೂ ಆದ, ಇಪ್ಪತ್ತೇಳು ಮಳೆಗಾಲ ಕಂಡ ಹಳೆಯ ಕಾರು. ಆರತಿ ತಗೊಂಡರೆ ಉಷ್ಣ, ತೀರ್ಥ ತಗೊಂಡರೆ ಶೀತ ಎನ್ನುವಂಥ ನಾಜೂಕು ದೇಹ ಅದರದು. ಆದರೂ ನಿರುಪಾದೆಪ್ಪನಿಗೆ ಅದರ ಮೇಲೆ ಪ್ರಾಣ. ನಲವತ್ತು ವರ್ಷ ಹೊಲಿಗೆ ಮಷೀನಿನ ಪೆಡಲು ತುಳಿದರೂ ಕೂತ ಜಾಗದಿಂದ ಒಂದಂಗುಲ ಮುಂದೆ ಹೋಗದ ಮನುಷ್ಯ ಅವನು. ಕಾರಿನ ಪೆಡಲು ತುಳಿದರೆ ಊರೇ ಹಿಂದಕ್ಕೆ ಓಡುತ್ತಿತ್ತು. ಆ ಸುಖವನ್ನು ಅವನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಇಂಥ ರಥಕ್ಕೆ ಮರಣದಂಡನೆ ವಿಧಿಸಿದವಳು ಅವನ ಧರ್ಮಪತ್ನಿ, ಗೃಹಸಾಮ್ರಾಜ್ಯಚಕ್ರವರ್ತಿನಿ ಶಂಕ್ರವ್ವ. ಅದಕ್ಕೆ ಕಾರಣವೂ ಇತ್ತು. ದೀಪಾವಳಿಗೆ ತವರೂರಾದ ರೋಣಕ್ಕೆ ಹೊರಟಾಗ ಕಾರು ದಾರಿಯಲ್ಲಿ ಮೂರು ಸಲ ಕುದಿದು ನಿಂತಿತ್ತು. ಎಂಜಿನ್ನನ್ನು ತಣ್ಣಗಿಡಬೇಕಾದ ಕೂಲಂಟ್ ಎಂಬ ಹಸಿರು ನೀರು ಎಲ್ಲಿಗೋ ಮಾಯವಾಗಿತ್ತು. ರೇಷ್ಮೆ ಸೀರೆಯುಟ್ಟ ಶಂಕ್ರವ್ವ ಎಮ್ಮೆ ಬಿದ್ದ ಹೊಂಡದಿಂದ ಕರ್ಚಿಕಾಯಿ ಡಬ್ಬಿಯಲ್ಲಿ ನೀರು ಹೊತ್ತು ತಂದಿದ್ದಳು. ತವರು ಮುಟ್ಟುವಷ್ಟರಲ್ಲಿ ಅಲ್ಲಿ ಊಟ ಮುಗಿದು ತಾಟು ತೊಳೆಯುತ್ತಿದ್ದರು.

"ನಾಕ ಗಂಟೆಕ್ಕ ಗುಜರಿ ಯಲ್ಲೂಸಾ ಬರ್ತಾನ," ಎಂದು ಆ ಮಂಗಳವಾರ ಊಟಕ್ಕೆ ಬಡಿಸುತ್ತ ಅವಳು ತೀರ್ಪು ಕೊಟ್ಟಳು. "ಅಷ್ಟರಾಗ ನೀರು ಎಲ್ಲಿ ಹೊಂಟೈತಿ ಅಂತ ಹುಡುಕಿದ್ರ ಇಟಗೋರಿ. ಇಲ್ಲಂದ್ರ ಅಂವ ಎಳಕೊಂಡು ಹೋಗ್ಲಿ. ಇನ್ನೊಮ್ಮೆ ಎಮ್ಮಿ ಹೊಂಡಕ್ಕ ಇಳಿಯಾಕ ನನ್ನ ಕಡಿಂದ ಆಗೂದಿಲ್ಲ."

ನಿರುಪಾದೆಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಭಯವಾಯಿತು ಅವನಿಗೆ, ನಿಜವಾದ ಭಯ. ಮಜ್ಜಿಗೆಯನ್ನೂ ಕುಡಿಯದೆ ಎದ್ದು ಅಂಗಳಕ್ಕೆ ಬಂದು, ಕಾರಿನ ಕೆಳಗೆ ಅಂಗಾತ ಮಲಗಿ ನೋಡಿದನು. ನೆಲ ಒಣಗಿತ್ತು. ಒಂದು ಹನಿ ಇಲ್ಲ, ಒಂದು ಕಲೆ ಇಲ್ಲ. ದಿನಕ್ಕೊಂದು ತಂಬಿಗೆ ನೀರು ಕುಡಿಯುವ ಕಾರು ಅದನ್ನು ಎಲ್ಲಿ ಬಿಡುತ್ತಿತ್ತೆಂಬುದು ಮೀನಿನ ಹೆಜ್ಜೆಯಷ್ಟೇ ಗೂಢವಾಗಿತ್ತು.

ಆಗ ಅವನು ತನ್ನ ಮಿತ್ರನನ್ನು ಸ್ಮರಿಸಿದನು, ಎಂದರೆ ಫೋನು ಮಾಡಿದನು. ಗ್ಯಾರೇಜುಗುಹಾಕೇಸರಿ, ಸಹಸ್ರನಟಬೋಲ್ಟಮರ್ದನ, ತೈಲಸ್ನಾತಶ್ಮಶ್ರು ದಾವಲಸಾಬ ಮಿಸ್ತ್ರಿಯು ಸ್ಕೂಟರಿನ ಮೇಲೆ ಬಂದಿಳಿದನು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಟ್ಟದೆ, ಬಗ್ಗದೆ, ಎದೆಯುಬ್ಬಿಸಿ ಘೋಷಿಸಿದನು:

"ಮಾಸ್ತರ, ಈ ಕೈ ನೋಡ್ರಿ. ಈ ಕೈ ಬಿಚ್ಚಲಾರದ ಎಂಜಿನ್ ಈ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ. ಕಣ್ಣಿಗೆ ಬಟ್ಟಿ ಕಟ್ರಿ, ಬರೇ ವಾಸನಿ ಮ್ಯಾಲೆ ಹೇಳ್ತೀನಿ. ಇದು ವಾಟರ್ ಪಂಪು! ಪಂಪು ಅಲ್ಲಂದ್ರ ಇವತ್ತಿನಿಂದ ನಾನು ಪಾನಾ ಹಿಡಿಯೂದಿಲ್ಲ, ಚುರಮರಿ ಕಲಸೂ ಗಿರಮಿಟ್ ಅಂಗಡಿ ಇಡ್ತೀನಿ!"

ಇದನ್ನು ಕೇಳಿ ಸೂಚೀಧುರಂಧರನ ಮೀಸೆ ನಿಮಿರಿತು. "ದಾವಲಸಾಬ, ನಲವತ್ತ ವರ್ಷ ಸೂಜಿ ಹಿಡಿದ ಕಣ್ಣಿದು. ಅಂಗಿ ಹಾಕ್ಕೊಂಡಾವ ಬಾಗಲಾ ದಾಟೂದ್ರಾಗ ಯಾವ ಹೊಲಗಿ ಬಿಚ್ಚೈತಿ ಅಂತ ಹೇಳ್ತೀನಿ ನಾನು. ಪೈಪಿಗೆ ಪೈಪ್ ಜೋಡಿಸೂದಂದ್ರೂ ಹೊಲಗಿನ. ಎಲ್ಲೋ ಒಂದು ಹೊಲಗಿ ಬಿಚ್ಚೈತಿ. ನಿನ್ನ ಪಂಪ್ ನಿನ್ನ ಹತ್ರ ಇಟಗೋ!"

"ಪಂಪು!"

"ಪೈಪು!"

ಹೀಗೆ ಆ ಇಬ್ಬರು ಮಹಾರಥರು ಹತ್ತು ನಿಮಿಷ ಶಬ್ದಯುದ್ಧ ಮಾಡಿದರು. ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ಬಾಗಿಲಿಗೆ ಬಂದು ನಿಂತು ಅಡಿಕೆ ಹಂಚಿಕೊಂಡರು. ಒಳಗಿನಿಂದ ಶಂಕ್ರವ್ವ ಗಡಿಯಾರ ನೋಡಿ "ಒಂದು ನಲವತ್ತು" ಎಂದು ಕೂಗಿದ ಮೇಲೆಯೇ ಬಾನೆಟ್ಟು ಮೇಲೆದ್ದಿತು.

ಮೊದಲ ಅಸ್ತ್ರವನ್ನು ಪ್ರಯೋಗಿಸಿದವನು ನಿರುಪಾದೆಪ್ಪ. ಬಟ್ಟೆಯ ಮೇಲೆ ಗೆರೆ ಹಾಕುವ ಸೀಮೆಸುಣ್ಣದ ಬಿಲ್ಲೆಗಳನ್ನು ಕುಟ್ಟಿ, ಆ ಪುಡಿಯನ್ನು ಹಳೆಯ ಮಸ್ಲಿನ್ ಬಟ್ಟೆಯಲ್ಲಿ ಗಂಟು ಕಟ್ಟಿ, ಎಂಜಿನ್ನಿನ ಪ್ರತಿ ಪೈಪಿಗೂ ಪ್ರತಿ ಜೋಡಣೆಗೂ ತಟ್ಟಿದನು. ಎಲ್ಲಿ ನೀರು ಜಿನುಗುತ್ತದೋ ಅಲ್ಲಿ ಬಿಳುಪಿನ ಮೇಲೆ ಒದ್ದೆ ಗೆರೆ ಮೂಡಬೇಕು, ಅದು ಲೆಕ್ಕಾಚಾರ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ರೇಡಿಯೇಟರಿನ ಹಿಂದೆ ಒಂದು ಫ್ಯಾನು ಇದೆಯೆಂಬುದನ್ನು ನಮ್ಮ ವೀರನು ಉತ್ಸಾಹದಲ್ಲಿ ಮರೆತಿದ್ದನು.

"ಚಾಲೂ ಮಾಡು!" ಎಂದನು. ದಾವಲಸಾಬ ಚಾವಿ ತಿರುಗಿಸಿ ಇಳಿದು ಬಂದು ಪಂಪಿನ ಮೇಲೆ ಬಗ್ಗಿದ್ದೇ ತಡ, ಫ್ಯಾನು ಗರಗರನೆ ತಿರುಗಿ ಶ್ವೇತಮೇಘವೊಂದು ಎದ್ದು ಇಬ್ಬರನ್ನೂ ನುಂಗಿತು. ಮೋಡ ಕರಗಿದಾಗ ತೈಲಸ್ನಾತಶ್ಮಶ್ರುವಿನ ಗಡ್ಡ ಅಜ್ಜನ ಗಡ್ಡವಾಗಿತ್ತು. ನೇಕಾರರು ಗೋಡೆ ಹಿಡಿದುಕೊಂಡು ನಕ್ಕರು. ದಾವಲಸಾಬ ಸೀನಿದನು, ಹನ್ನೊಂದು ಸಲ ಸೀನಿದನು, ಹನ್ನೆರಡನೆಯದಕ್ಕೆ ಬಾಯಿ ತೆರೆದು ನಿಂತನು, ಅದು ಬರಲಿಲ್ಲ. ಪೈಪುಗಳ ಮೇಲೆ ಅಳಿದುಳಿದ ಪುಡಿಯಲ್ಲಿ ಒಂದೇ ಒಂದು ಒದ್ದೆ ಗೆರೆಯೂ ಇರಲಿಲ್ಲ. ಯಾವ ಹೊಲಿಗೆಯೂ ಬಿಚ್ಚಿರಲಿಲ್ಲ.

ಎರಡನೆಯ ಅಸ್ತ್ರ ಮಿಸ್ತ್ರಿಯದು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಪಂಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಕಣ್ಣುಮುಚ್ಚಿ ಆಲಿಸಿದನು. ಟೇಲರ್ ಅಂಗಡಿಯ ಕನ್ನಡಿ ತರಿಸಿ ಪಂಪಿನ ಅಡಿಗೆ ಹಿಡಿದು ನೋಡಿದನು. ಬೆರಳಾಡಿಸಿದನು, ಬೆರಳನ್ನು ಮೂಸಿದನು. ಪಂಪು ಒಣಗಿದ ಕೊಬ್ಬರಿ ಗಿಟುಕಿನಂತೆ ಇತ್ತು.

"ಗಿರಮಿಟ್ ಅಂಗಡಿ ಯಾವಾಗ ಇಡಾವ?" ಎಂದನು ನಿರುಪಾದೆಪ್ಪ.

"ಸುಮ್ನಿರ್ರಿ ಮಾಸ್ತರ. ನಿಮ್ಮ ಸುಣ್ಣ ಇನ್ನೂ ಮೂಗಿನ್ಯಾಗೈತಿ."

ಆಮೇಲೆ ಅವರು ನೆಲಹಾಸು ಎತ್ತಿ ನೋಡಿದರು, ಎಂಜಿನ್ ಆಯಿಲ್ಲಿನ ಕಡ್ಡಿ ತೆಗೆದು ನೋಡಿದರು, ಹೊಗೆಯ ಕೊಳವೆಗೆ ಬಿಳಿ ಬಟ್ಟೆ ಹಿಡಿದು ನೋಡಿದರು. ಶತ್ರು ಎಲ್ಲೂ ಸಿಗಲಿಲ್ಲ. ಮೂರೂಕಾಲಿಗೆ, ಹೇಳಿದ್ದಕ್ಕಿಂತ ಮುಕ್ಕಾಲು ಗಂಟೆ ಮೊದಲೇ, ಗುಜರಿ ಯಲ್ಲೂಸಾ ಸಣ್ಣ ಟೆಂಪೋದಲ್ಲಿ ಕಬ್ಬಿಣದ ಸರಪಳಿ ಸಮೇತ ಪ್ರತ್ಯಕ್ಷನಾದನು. ಭಗ್ನಲೋಹಕುಲಾಂತಕನಾದ ಅವನು ಯಾರನ್ನೂ ಮಾತಾಡಿಸದೆ ಕಾರಿನ ಬಾಗಿಲನ್ನು ಬೆರಳಿನಿಂದ ಬಡಿದು ಸದ್ದು ಕೇಳಿದನು. "ತಗಡಿನ ಪತ್ರಾ ಗಟ್ಟಿ ಐತಿ ಬಿಡ್ರಿ," ಎಂದನು. ಸತ್ತ ಎಮ್ಮೆಯ ಹಾಲು ಹೊಗಳಿದಂತಾಯಿತು ಎಂದುಕೊಂಡನು ನಿರುಪಾದೆಪ್ಪ. ಅವನ ಕಣ್ಣಲ್ಲಿ ನೀರು ಬಂತು, ಸುಣ್ಣದ ಪುಡಿಯ ನೆಪ ಹೇಳಿ ಒರೆಸಿಕೊಂಡನು.

ಶಂಕ್ರವ್ವ ಹೊಸ್ತಿಲಿಗೆ ಬಂದು ನಿಂತಳು. ಗಂಡನ ಮುಖ ನೋಡಿದಳು. ಏನು ಅನ್ನಿಸಿತೋ, "ಯಲ್ಲೂಸಾ, ಚಾ ಕುಡೀರಿ. ನಾಕು ಅಂದ್ರ ನಾಕ," ಎಂದು ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು.

ಹೊಗೆ ನೋಡಲು ಚಾಲೂ ಮಾಡಿದ್ದ ಎಂಜಿನ್ ಮಾತ್ರ ಇನ್ನೂ ಓಡುತ್ತಲೇ ಇತ್ತು. ಉಷ್ಣದ ಮುಳ್ಳು ಮೇಲೇರಿ ಕೆಂಪು ಗೆರೆಯ ಹೊಸ್ತಿಲು ಮುಟ್ಟಿತು. ಬೀದಿ ಮೌನವಾಯಿತು. ಆ ಮೌನದಲ್ಲಿ ಎಲ್ಲಿಂದಲೋ ಬಲು ಸಣ್ಣಗೆ ಸುಯ್ ಎಂಬ ಸದ್ದು ಕೇಳಿಸಿತು. ರೇಡಿಯೇಟರಿನಿಂದ ಉಕ್ಕಿದ ನೀರು ಬಂದು ಸೇರುವ ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಸಿರು ನೀರು ಗುಳುಗುಳು ಕುದಿದು ಆವಿಯಾಗಿ ಹಾರುತ್ತಿತ್ತು. ಓಡುವಾಗ ಗಾಳಿಗೆ ಹೋಗುವ ನೀರು ನಿಂತಾಗ ನೆಲಕ್ಕೆ ಬೀಳುವುದಾದರೂ ಹೇಗೆ?

"ಬಂದ್ ಮಾಡ್ರಿ!" ಎಂದು ಕೂಗಿದನು ದಾವಲಸಾಬ. "ಮಾಸ್ತರ, ಪಂಪೂ ಅಲ್ಲ, ಪೈಪೂ ಅಲ್ಲ. ಮುಚ್ಚಳ! ರೇಡಿಯೇಟರಿನ ಮುಚ್ಚಳ ಬಿಗಿ ಕುಂಡ್ರವಲ್ದು. ಒಳಗಿನ ಒತ್ತಡ ತಡೀವಲ್ದು!"

ಮುಚ್ಚಳಕ್ಕೆ ಕೈ ಹಾಕಲು ಧಾವಿಸಿದ ನಿರುಪಾದೆಪ್ಪನನ್ನು ಅವನು ಅಂಗಿ ಹಿಡಿದು ಹಿಂದಕ್ಕೆಳೆದನು. ಬಿಸಿಯಲ್ಲಿ ತೆಗೆದರೆ ಮುಖದ ಚರ್ಮ ಉಳಿಯುವುದಿಲ್ಲ. ಕಾಯಬೇಕಾಯಿತು. ಕಾಯುವುದಕ್ಕಿಂತ ಕಠಿಣವಾದ ಯುದ್ಧವಿಲ್ಲ. ನಾಲ್ಕಕ್ಕೆ ಎಂಟು ನಿಮಿಷವಿರುವಾಗ ದಾವಲಸಾಬ ಹಸಿ ಗೋಣಿತಟ್ಟು ಹಾಕಿ ಮೆಲ್ಲಗೆ ಮುಚ್ಚಳ ತಿರುವಿದನು. ಆ ತಿಂಗಳಿಡೀ ಅದನ್ನು ದಿನಾಲೂ ತೆಗೆದಿದ್ದರು, ನೀರು ಸುರಿದಿದ್ದರು, ಮತ್ತೆ ಹಾಕಿದ್ದರು. ಮಗುಚಿ ಯಾರೂ ನೋಡಿರಲಿಲ್ಲ. ಈಗ ಮಗುಚಿದರು.

ಮುಚ್ಚಳದ ರಬ್ಬರಿನ ಉಂಗುರಕ್ಕೆ ಅಂಟಿಕೊಂಡು, ಅರಿಶಿನದ ಬಣ್ಣದ ಒಂದೇ ಒಂದು ಅಕ್ಕಿ ಕಾಳು ಕುಳಿತಿತ್ತು.

ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇಲಿಗಾದರೂ ಒಂದು ಬಾಲವಿರುತ್ತದೆ. ದಾವಲಸಾಬ ಕಾಳನ್ನು ನೋಡಿದನು, ಮಾಸ್ತರನನ್ನು ನೋಡಿದನು. "ಅಕ್ಷತಿ ಕಾಳು ಇಲ್ಲಿಗೆ ಹೆಂಗ ಬಂತ್ರಿ?"

ಸಕಲವರಸಮೂಹಸಫಾರಿಸೂಟಶಿಲ್ಪಿಯು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಒಪ್ಪಿಕೊಂಡನು. "ಆಯುಧಪೂಜಿ ದಿನ... ಎಲ್ಲಾರೂ ಬಾನೆಟ್ಟಿನ ಮ್ಯಾಲೆ ಹಾಕ್ತಾರ. ಅದು ಬರೇ ಮೈಗಾತು. ಹೊಟ್ಟಿಗೂ ಮುಟ್ಲಿ ಅಂತ ಮುಚ್ಚಳಾ ತಗದು ಒಳಗ ಒಂದು ಚಿಟಿಗಿ ಅಕ್ಷತಿ ಹಾಕಿದ್ದೆ. ಒಂದು ಚಮಚಾ ತೀರ್ಥನೂ."

"ಒಳಗ!" ಎಂದನು ದಾವಲಸಾಬ. ಆಗ ಆ ಹನ್ನೆರಡನೆಯ ಸೀನು ಬಂತು.

ಮುಂದಿನದು ಬೇಗ ಮುಗಿಯಿತು. ಒಳಗಿನ ನೀರನ್ನೆಲ್ಲ ಕೆಳಗೆ ಬಿಟ್ಟಾಗ ಇನ್ನೂ ನಾಲ್ಕಾರು ಕಾಳು ಬಂದವು. ಉಂಗುರ ಒರೆಸಿ, ಹೊಸ ಕೂಲಂಟ್ ತುಂಬಿ, ಮುಚ್ಚಳವನ್ನು ಬಿಗಿದರು. ಶಂಕ್ರವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಮುಂದಿನ ಸೀಟಿನಲ್ಲಿ ಕೂತಳು. ರಥವು ಬೆಟಗೇರಿಯಿಂದ ಟಾಂಗಾ ಕೂಟಕ್ಕೆ, ಅಲ್ಲಿಂದ ಮುಳಗುಂದ ನಾಕಾಕ್ಕೆ, ಮತ್ತೆ ಮನೆಗೆ ಹೋಗಿ ಬಂದಿತು. ಅವಳು ದಾರಿಯುದ್ದಕ್ಕೂ ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಮುಳ್ಳು ಅರ್ಧ ದಾಟಲಿಲ್ಲ. ನಿರುಪಾದೆಪ್ಪನು ಪೆಡಲು ತುಳಿದನು, ಊರು ಹಿಂದಕ್ಕೆ ಓಡಿತು, ಅವನಿಗೆ ಹಾಡಬೇಕೆನಿಸಿತು. ಹಾಡಿಯೂ ಬಿಟ್ಟನು, ಕೆಟ್ಟದಾಗಿ.

"ಯಲ್ಲೂಸಾ, ನೀವು ಹೋಗಿ ಬರ್ರಿ," ಎಂದಳು ಶಂಕ್ರವ್ವ ಇಳಿಯುತ್ತಲೇ. "ಐತವಾರ ನಾವು ರೋಣಕ್ಕ ಹೊಂಟೀವಿ." ಯಲ್ಲೂಸಾ ಸರಪಳಿ ಎತ್ತಿಕೊಂಡು, ಬಾಗಿಲನ್ನು ಇನ್ನೊಮ್ಮೆ ಆಸೆಯಿಂದ ಬಡಿದು, ಟೆಂಪೋ ಹತ್ತಿದನು. ಮಗ್ಗಗಳು ಮತ್ತೆ ಕಟಕಟಿಸಿದವು.

ಜಯಭೇರಿ ಬಾರಿಸಿ, ಈ ಕಥೆ ಕೇಳಿದವರ ಗಾಡಿಗಳೆಲ್ಲ ತಣ್ಣಗಿರಲೆಂದು ಹರಸಿ, ಕಾವ್ಯವನ್ನು ಇಲ್ಲಿಗೇ ಮಂಗಳ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಶಂಕ್ರವ್ವ, "ಅಷ್ಟೊತ್ತು ಹುಡುಕಿದ್ರೆಲ್ಲ, ಏನಿತ್ತದು?" ಎಂದು ಕೇಳಿಬಿಟ್ಟಳು.

ನಿರುಪಾದೆಪ್ಪನು ಕಿಸೆಯಿಂದ ಆ ಅಕ್ಕಿ ಕಾಳನ್ನು ತೆಗೆದು ತೋರಿಸಿದನು. ಅವಳು ಆ ಕಾಳನ್ನು ಎತ್ತಿ, ಒಲೆಯ ಮೇಲಿನ ಬೋಗುಣಿಯಿಂದ ಅಗುಳು ತೆಗೆದು ನೋಡುವಂತೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಚುಕಿದಳು.

"ಬೆಂದೈತಿ," ಎಂದಳು. "ಮದಿವ್ಯಾಗಿ ಮೂವತ್ನಾಕು ವರ್ಷಾತು. ನೀವು ಅನ್ನಾ ಮಾಡಿದ್ದು ಇದ ಮೊದಲ."