ಕವಚದ ಮೀನಿಗೆ ಊರ ನೆನಪು

ಸರ್ಕಾರದವರು ನಮ್ಮ ಕೆರೆಗೆ ಬೇಲಿ ಹಾಕಿ, ಮೀನು ಹಿಡಿದು ಬದುಕುವ ನಮ್ಮ ಹದಿನೆಂಟು ಮನೆಯವರನ್ನು ಹೊರಗೆ ನಿಲ್ಲಿಸಿದರು. ಪಾಚಿ ತಿನ್ನಲೆಂದು, ಗಾಜಿನ ತೊಟ್ಟಿಯಲ್ಲಿ ಸಾಕುವ ಕವಚದ ಮೀನು ತಂದು ಬಿಟ್ಟರು. ಅವು ತುಂಬಿಕೊಂಡು ನಮ್ಮ ಗೆಂಡೆ ಮೀನು ಕಾಣೆಯಾದವು.

ಆರು ವರ್ಷವಾಯಿತು. ನಮ್ಮತ್ತೆ ದ್ಯಾವಮ್ಮ ದಿನಾ ಬೇಲಿಯ ಕಿಂಡಿಯಲ್ಲಿ ಕೈ ತೂರಿಸುತ್ತಾಳೆ. ಇನ್ನೊಂದು ಗೇಣು ಉದ್ದವಿದ್ದಿದ್ದರೆ ನೀರು ಮುಟ್ಟುತ್ತಿತ್ತು.

"ನೋಡಿಲ್ಲಿ ಅತ್ತಿಗೆ," ಎಂದು ಮಿಕ್ಸಿ ರಿಪೇರಿ ಮಾಡುವ ಮೈದುನ ನಂಜುಂಡ ಬೇಲಿಯ ಪಕ್ಕ ಬಕೆಟ್ ಇಳಿಸಿದ. ಒಳಗೆ ಕಾಲುವೆಯಲ್ಲಿ ಸಿಕ್ಕ ಕವಚದ ಮೀನು. ಬೆನ್ನಿಗೆ ಅಂಗಿಗುಂಡಿಯಷ್ಟು ಯಂತ್ರ. "ಇದು ಇವುಗಳ ಊರಿನ ಹೊಳೆಯ ಸದ್ದು ಮಾಡ್ತದೆ. ಸಮುದ್ರದಾಚೆಯ ಕಾಡುಹೊಳೆ. ಕೇಳಿದ್ರೆ ಊರು ನೆನಪಾಗಿ ಕೆರೆ ಬಿಟ್ಟು ಹೊರಡ್ತವೆ. ನಮ್ಮ ಗೆಂಡೆ ಮೀನು ವಾಪಸ್!"

"ಹೋದ ಸಲ ರೊಟ್ಟಿ ಮಗುಚೋ ಯಂತ್ರ ಮಾಡಿದ್ದೆ. ರೊಟ್ಟಿ ಇನ್ನೂ ಸೂರಿನ ಮೇಲಿದೆ."

"ಅದು ಬೇರೆ ವಿಜ್ಞಾನ."

ಯಂತ್ರ ಚಾಲೂ ಆಯಿತು. ಮೀನು ಕಿರ್ರೆಂದು ಬಕೆಟ್ಟಿನಿಂದ ನೆಗೆದು, ಕೆರೆಯ ಕಡೆಗೇ ತೆವಳಿತು.

"ಅದರ ಊರು ಆ ಕಡೆಯಾ?"

"ದಾರಿ ಹುಡುಕ್ತಿದೆ ಅತ್ತಿಗೆ."

ಅಷ್ಟರಲ್ಲಿ ಅತ್ತೆ ಅದನ್ನೆತ್ತಿಕೊಂಡಳು. ಕೈಗೆ ಬಂದ ಮೊದಲ ಮೀನನ್ನು ನೀರಿಗೇ ಬಿಡುವುದು ನಮ್ಮ ಪದ್ಧತಿ. ಆರು ವರ್ಷದಲ್ಲಿ ಅವಳ ಕೈಗೆ ಬಂದ ಮೊದಲ ಮೀನು ಇದು. "ಹೋಗವ್ವ, ನಿನ್ನ ಬಳಗಾನೆಲ್ಲ ಕರ್ಕಂಡು ಬಾ," ಎಂದು ಹರಸಿ ಕಿಂಡಿಯಿಂದ ಕೆರೆಗೆ ಎಸೆದಳು, ಯಂತ್ರದ ಸಮೇತ.

"ಅವ್ವಾ, ಆ ಯಂತ್ರಕ್ಕೆ ಮೂರು ತಿಂಗಳು ಹಿಡಿದಿತ್ತು!"

"ಪದ್ಧತಿಗೆ ಏಳು ತಲೆಮಾರು ಹಿಡಿದದೆ ಕಣೋ."

ಮಧ್ಯಾಹ್ನಕ್ಕೆ ಬಳಗ ಬಂತು. ಊರು ನೆನಪಾದ ಮೀನು ಒಂದೂ ಹೊರಡಲಿಲ್ಲ. ಊರಲ್ಲಿ ಅವು ದಡ ಕೊರೆದು ಮನೆ ಮಾಡುತ್ತವಂತೆ. ಅದು ನಂಜುಂಡನಿಗೆ ಗೊತ್ತಿರಲಿಲ್ಲ. ಸಾವಿರ ಮೀನು ಬೇಲಿಯಡಿ ಮನೆ ತೋಡಿದವು. ಮೊದಲ ಕಂಬ ತೂಗಾಡಿತು. ಎರಡನೆಯದು ನಮಸ್ಕಾರ ಹಾಕಿತು. ಸಂಜೆಗೆ ಬೇಲಿಯಿಡೀ ನೀರಿಗೆ ಅಡ್ಡಬಿದ್ದಿತ್ತು.

ಅತ್ತೆ ಅದನ್ನು ದಾಟಿ ಮೊಣಕಾಲುದ್ದ ನೀರಿಗಿಳಿದಳು. ಬೊಗಸೆಯಲ್ಲಿ ನೀರೆತ್ತಿ, ಚೆಲ್ಲಲು ಮನಸ್ಸಾಗದೆ, ಹಾಗೇ ಹಿಡಿದು ನಿಂತಳು.

ಕೆರೆಯ ಉಸ್ತುವಾರಿ ಸಾಹೇಬರು ಜೀಪಿನಿಂದಿಳಿದರು. "ಅಜ್ಜಿ, ಹೊರಗೆ ಬನ್ನಿ."

"ಸಮುದ್ರದಾಚೆಯಿಂದ ಬಂದ ಮೀನಿಗೆ ಹೇಳಿದ್ರಾ ಸ್ವಾಮಿ?"

"ಮೀನಿಗೆ ಹೆಂಗಮ್ಮ ಹೇಳೋದು?"

"ಹಂಗಾದ್ರೆ ನಾನೂ ಬರಾಕಿಲ್ಲ." ಅತ್ತೆ ನೀರಲ್ಲೇ ಕೂತಳು.

ಸಾಹೇಬರು ನಂಜುಂಡನ ಕಡೆ ತಿರುಗಿದರು. "ನೀನು ರಿಪೇರಿಯವನಲ್ವಾ? ಈ ಬೇಲಿ ಎತ್ತಿ ನಿಲ್ಲಿಸು."

"ಆಗಲ್ಲ ಸಾರ್," ಅಂದ ನಂಜುಂಡ. "ಕೆಳಗೆ ಸಂಸಾರಸ್ಥರು ವಾಸ ಇದ್ದಾರೆ."