ನೀಲಿ ದೀಪದ ಭಾನುವಾರಗಳು

ನಾನು ಯಾರ ತಂಟೆಗೂ ಹೋಗುವವನಲ್ಲ. ಆದರೂ ನಮ್ಮ ಬೀದಿಯಲ್ಲಿ ವೈರು ಹಿಡಿದುಕೊಂಡು ಹೊರಟವರೆಲ್ಲ ನೇರವಾಗಿ ನನ್ನ ಮನೆಗೇ ಬರುತ್ತಾರೆ, ಬಂದಮೇಲೆ ಏನಾದರೊಂದು ಆಗದೆ ಹೋಗುವುದಿಲ್ಲ. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು ನಾನು. ಹುಡುಗರಿಗೆ ಮೀಟರು, ಬ್ಯಾಟರಿ ಎತ್ತಿಕೊಡುವುದು, ಅವರು ಕೆಡಿಸಿದ್ದನ್ನು ವಾಪಸು ಬೀರುವಿನಲ್ಲಿ ಇಡುವುದು, ಮಿಕ್ಕ ಹೊತ್ತು ಕಿಟಕಿಯಾಚೆ ನೋಡುತ್ತ ಹಗಲುಗನಸು ಕಾಣುವುದು, ಇದೇ ನನ್ನ ಸರ್ವಿಸು. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರ ಪಾಲಿಗೆ ಮಾತ್ರ ನಾನು ವಿಜ್ಞಾನಿ.

ನಮ್ಮದೊಂದು ಭಾನುವಾರದ ಕೂಟ ಇದೆ. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ ಹಾಲಿನಲ್ಲಿ, ಅವರ ಹೆಂಡತಿ ಬಡಿಸಿದ್ದನ್ನು ಉಂಡು, ನಾಲ್ಕು ಜನ ಕೂತು ಹಾಡು ಕೇಳುವುದು. ಮ್ಯಾನೇಜರು, ನಾನು, ಲಷ್ಕರ್ ಮೊಹಲ್ಲಾದಲ್ಲಿ ಸೀರೆ ಅಂಗಡಿ ಇಟ್ಟಿರುವ ಸಾಹುಕಾರರು, ಮತ್ತೆ ಪಕ್ಕದ ಮನೆಯ ಸಂಗೀತದ ಟೀಚರಮ್ಮ. ನಾಲ್ವರಲ್ಲಿ ಸಂಗೀತ ಬರುವುದು ಟೀಚರಮ್ಮನಿಗೆ ಮಾತ್ರ. ಅದಕ್ಕೇ ಅಭಿಪ್ರಾಯ ಹೇಳುವುದು ಅವರೇ ಎಲ್ಲರಿಗಿಂತ ಕಡಿಮೆ.

ತೂತಿಲ್ಲದ ಫೋನು

ಮ್ಯಾನೇಜರ ಹತ್ತಿರ ಆಳೆತ್ತರದ ಎರಡು ಹಳೆಯ ಸ್ಪೀಕರುಗಳಿವೆ. ಫೋನಿನ ಹೆಡ್‌ಫೋನ್ ತೂತಿಗೆ ಒಂದು ವೈರು ಚುಚ್ಚಿ, ಅದರ ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಟ್ಟರೆ ಹಾಡು ಬರುತ್ತಿತ್ತು. ಒಂದು ದಿನ ಅವರು ಹೊಸ ಫೋನು ತಂದರು. ಬೆಳಿಗ್ಗೆ ಬೆಳಿಗ್ಗೆಯೇ ವೈರಿನ ಸಮೇತ ನನ್ನ ಮನೆಗೆ ಬಂದರು.

"ಲ್ಯಾಬಿನೋರೇ, ಇದರಲ್ಲಿ ಪಿನ್ನು ಚುಚ್ಚೋದೆಲ್ಲಿ ಸ್ವಲ್ಪ ತೋರಿಸ್ರೀ."

ಹಿಂದೆ ಮುಂದೆ ತಿರುಗಿಸಿ ನೋಡಿದೆ. ಚಾರ್ಜು ಮಾಡುವ ತೂತು ಒಂದೇ.

"ಚುಚ್ಚೋ ಹಾಗಿಲ್ಲ ಸಾರ್. ಈಗಿನ ಫೋನುಗಳಲ್ಲಿ ಹೆಡ್‌ಫೋನಿನ ತೂತು ತೆಗೆದುಬಿಟ್ಟಿದಾರೆ."

"ರೇಟು ಜಾಸ್ತಿ ಕೊಟ್ಟಮೇಲೆ ಒಂದು ತೂತು ಜಾಸ್ತಿ ಇರಬೇಕಾಗಿತ್ತಲ್ರೀ."

ಅಷ್ಟರಲ್ಲಿ ಅವರನ್ನು ತಿಂಡಿಗೆ ಕರೆಯಲು ಬಂದಿದ್ದ ಅವರ ಹೆಂಡತಿ ಗೇಟಿನ ಹತ್ತಿರವೇ ನಿಂತು ಕೇಳಿಸಿಕೊಂಡರು.

"ಮಾತಾಡೋಕ್ಕೆ ಎಲ್ಲಾ ಅನುಕೂಲ ಇದೆ, ಕಿವಿಗೆ ಮಾತ್ರ ಜಾಗ ಇಟ್ಟಿಲ್ಲ ಅಂತಾರಾ? ನಮ್ಮನೆಯವರು ಕೊನೆಗೂ ತಮ್ಮಂಥದ್ದೇ ಒಂದು ಫೋನು ಹುಡುಕಿ ತಂದ್ರು ಬಿಡಿ."

ನೀಲಿ ದೀಪ

ಫೋನಿನ ಹೊಟ್ಟೆಯಲ್ಲಿ ಹಾಡು ಅಂಕಿಗಳಾಗಿ ಕೂತಿರುತ್ತದೆ. ಆ ಅಂಕಿಗಳು ಚಾರ್ಜಿನ ತೂತಿನಿಂದಲೂ ಹೊರಗೆ ಬರುತ್ತವೆ. ಅವನ್ನು ಮತ್ತೆ ದನಿ ಮಾಡುವುದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಸಿಗುತ್ತದೆ. ನಾನು ಹೇಳಿದ್ದು ಇಷ್ಟೇ. ಮೂರನೆಯ ದಿನಕ್ಕೆ ಡಬ್ಬಿ ಮ್ಯಾನೇಜರ ಮನೆಗೆ ಬಂದಿತ್ತು. ಅದರ ಮೇಲೊಂದು ಪುಟ್ಟ ದೀಪ. ಮಾಮೂಲಿ ಹಾಡಿಗೆ ಹಸಿರು, ಉತ್ತಮ ದರ್ಜೆಯ ಹಾಡಿಗೆ ನೀಲಿ.

ಆ ನೀಲಿಯನ್ನು ನೋಡುವುದಕ್ಕೆಂದೇ ಮ್ಯಾನೇಜರು ಪರದೆ ಎಳೆಯತೊಡಗಿದರು. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ತಂಪು ಕತ್ತಲು, ನಡುವೆ ಸಾಸಿವೆಕಾಳಿನಷ್ಟು ನೀಲಿ ಬೆಳಕು. ವೀಣೆ ಶುರುವಾದರೆ ನನಗೆ ನಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಲ್ಯಾಬಿನ ಕಿಟಕಿ, ಅದರಾಚೆಯ ಆಟದ ಬಯಲು, ಅಲ್ಲಿ ಯಾರೂ ಎಳೆಯದೆ ತಾನಾಗಿ ತೇಲುತ್ತಿದ್ದ, ಚೆಂಡು ಕಾಣಲೆಂದು ಬೌಲರನ ಹಿಂದೆ ನಿಲ್ಲಿಸುವ ಬಿಳಿ ಕ್ರಿಕೆಟ್ ಪರದೆ, ಎಲ್ಲ ಕಣ್ಣಮುಂದೆ ನಿಧಾನವಾಗಿ ಹಾದುಹೋಗುತ್ತಿತ್ತು. ಸುಖವಾಗಿತ್ತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

"ಹಸಿರಿಗೂ ನೀಲಿಗೂ ಎಷ್ಟು ವ್ಯತ್ಯಾಸ ಇದೆ ನೋಡಿದ್ರಾ?" ಎನ್ನುವರು ಮ್ಯಾನೇಜರು. ನಾನು ತಲೆಯಾಡಿಸುತ್ತಿದ್ದೆ. ಸಾಹುಕಾರರು ಹೆಬ್ಬೆರಳು ತೋರುಬೆರಳು ಸೇರಿಸಿ, ಸೆರಗು ಹಿಡಿದವರಂತೆ ಗಾಳಿಯನ್ನೇ ಉಜ್ಜಿ ನೋಡಿ, "ಅಸಲಿ ಜರಿ ಕಣ್ರೀ. ಒಳ್ಳೇ ಮಾಲು ಬುಡಿ" ಎಂದು ಹೇಳಿ, ಸೋಫಾಕ್ಕೆ ಒರಗಿ ನಿದ್ದೆ ಹೋಗುತ್ತಿದ್ದರು.

ಮ್ಯಾನೇಜರು ಎಷ್ಟೇ ಆಗಲಿ ಬ್ಯಾಂಕಿನವರು, ಎಲ್ಲಕ್ಕೂ ರೆಕಾರ್ಡು ಬೇಕು. ಸಾಹುಕಾರರ ನಿದ್ದೆಯನ್ನೇ ಅವರು ಅಳತೆಗೋಲು ಮಾಡಿಕೊಂಡರು. ಹಸಿರು ದೀಪಕ್ಕೆ ಹತ್ತು ನಿಮಿಷಕ್ಕೆ ಗೊರಕೆ, ನೀಲಿಗೆ ನಾಲ್ಕೇ ನಿಮಿಷ. ಒಂದು ಭಾನುವಾರ ಮಾತ್ರ ದೀಪ ನೀಲಿಯಾಗಿಯೇ ಇದೆ, ಕಾಲು ಗಂಟೆ ಆದರೂ ಸಾಹುಕಾರರು ಕಣ್ಣು ಅರಳಿಸಿಕೊಂಡು ಕೂತಿದ್ದಾರೆ. ಮ್ಯಾನೇಜರಿಗೆ ಗಾಬರಿಯಾಯಿತು. ನನ್ನ ಕೈಯಲ್ಲಿ ಡಬ್ಬಿ ಬಿಚ್ಚಿಸಿದರು, ವೈರು ಬದಲಾಯಿಸಿದರು, ಫೋನು ಆರಿಸಿ ಹಚ್ಚಿದರು.

ದೋಷ ಡಬ್ಬಿಯಲ್ಲಿರಲಿಲ್ಲ. ಅವತ್ತು ಅವರ ಹೆಂಡತಿ ಬಿಸಿಬೇಳೆಬಾತಿನ ಬದಲು ಉಪ್ಪಿಟ್ಟು ಮಾಡಿದ್ದರು.

ಅಂಗಡಿಯಲ್ಲೇ ಉಡುವ ಸೀರೆ

ಅದಾದ ಮುಂದಿನ ಭಾನುವಾರ ಟೀಚರಮ್ಮ ಬರುವಾಗಲೇ ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟರು.

ಅವರ ಅಕ್ಕ ಇರುವುದು ಸರಗೂರಿನ ಆಚೆಯ ಒಂದು ಹಳ್ಳಿಯಲ್ಲಿ. ಬಟನ್ ಫೋನಿಗೆ ಮಾತು ಬರುವಷ್ಟು ಸಿಗ್ನಲ್ಲಿದೆ, ನೆಟ್ಟು ಇಲ್ಲ. ಇನ್ನು ಹತ್ತು ದಿನಕ್ಕೆ ಆ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ನು. ಆಮೇಲೆ ಒಂದಷ್ಟು ದಿನ ಓದು, ಟಿವಿ ಎಲ್ಲ ಬಂದ್. ಕಣ್ಣು ಮುಚ್ಚಿಕೊಂಡು ಮಲಗಿರುವಾಗ ಕೇಳುವುದಕ್ಕೆ ಅಕ್ಕ ಒಂದೇ ಒಂದು ಹಾಡು ಬೇಕು ಎಂದಿದ್ದರಂತೆ. ಚಿಕ್ಕ ವಯಸ್ಸಿನಲ್ಲಿ ಅಕ್ಕತಂಗಿಯರಿಬ್ಬರೂ ಒಂದು ಭಕ್ತಿಗೀತೆಯ ಕ್ಯಾಸೆಟ್ಟಿಗೆ ಕೋರಸ್ ಹಾಡಿದ್ದರು, ಆ ಹಾಡು. ಕ್ಯಾಸೆಟ್ಟಿನ ಟೇಪು ಸುತ್ತಿಕೊಂಡು ಹಾಳಾಗಿ ಎಷ್ಟೋ ಕಾಲವಾಯಿತು. ಈಗ ಹಾಡು ಫೋನಿನ ಆ್ಯಪಿನಲ್ಲಿ ಮಾತ್ರ ಇದೆ.

"ನಾನು ಆಗ್ಲೇ ಫೋನಿಗೆ ಇಳಿಸಿಕೊಂಡಿದೀನಿ ಕಣಪ್ಪ. ನೆಟ್ ಇಲ್ದೆ ಇದ್ರೂ ಹಾಡುತ್ತೆ. ಅದನ್ನ ಇದಕ್ಕೆ ಹಾಕಿಕೊಟ್ಟುಬಿಡು. ಅಕ್ಕನ ರೇಡಿಯೋಗೆ ಪೆನ್‌ಡ್ರೈವ್ ಚುಚ್ಚೋ ಜಾಗ ಇದೆ" ಎಂದರು.

ಅವರ ಫೋನನ್ನೆಲ್ಲ ಜಾಲಾಡಿದೆ. ಹಾಡು ಎಲ್ಲೂ ಇಲ್ಲ. ತಲೆಬುಡವಿಲ್ಲದ ಹೆಸರಿನ ಒಂದಷ್ಟು ಫೈಲುಗಳಿದ್ದವು, ಅವು ಬೇರೆಲ್ಲೂ ಬಾಯಿ ಬಿಡಲಿಲ್ಲ. ಇಳಿಸಿಕೊಂಡರೂ ಹಾಡು ನಮ್ಮದಾಗುವುದಿಲ್ಲ, ಆ್ಯಪಿನ ಒಳಗೆ ಬೀಗದಲ್ಲೇ ಇರುತ್ತದೆ, ಅಲ್ಲೇ ಕೇಳಬೇಕು, ಹೊರಗೆ ಒಯ್ಯುವ ಹಾಗಿಲ್ಲ ಎಂದು ವಿವರಿಸಿದೆ.

ಸಾಹುಕಾರರಿಗೆ ಇದು ಜೀರ್ಣವಾಗಲಿಲ್ಲ. "ಅಂಗಾರೆ ನಾನೂ ನಾಳೆಯಿಂದ ಇಂಗೇ ಮಾಡ್ತೀನಿ. ಸೀರೆ ಮಾರ್ಬುಡ್ತೀನಿ, ಆದ್ರೆ ನಮ್ಮಂಗಡಿಗೇ ಬಂದು ಉಟ್ಕೊಂಡು, ಕನ್ನಡೀಲಿ ನೋಡ್ಕೊಂಡು, ಮಡಿಸಿಟ್ಟು ಓಗ್ಬೇಕು. ಮದುವೆಗೆ ಎಂಗೆ ಓಗ್ತಾರೋ ಅವರಿಷ್ಟ."

ಎಲ್ಲರೂ ನಕ್ಕೆವು. ಟೀಚರಮ್ಮ ನಗಲಿಲ್ಲ.

"ನಾವೇ ಹಾಡಿರೋದು ಕಣಪ್ಪ" ಎಂದರು. "ನನ್ನ ಗಂಟಲಿಗೆ ಯಾರೋ ಬೀಗ ಜಡಿದು, ಕೀ ಜೇಬಿಗೆ ಹಾಕ್ಕೊಂಡು ಹೋದರು ಅಂತೀಯಲ್ಲ."

ನನಗೆ ಬೇಜಾರಾಯಿತು. ಮುಂದಿನ ಭಾನುವಾರದೊಳಗೆ ಏನಾದರೂ ಮಾಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ವಿಜ್ಞಾನಿ ಎಂದು ಕರೆಸಿಕೊಂಡರೆ ಇದೇ ಕಷ್ಟ.

ಉತ್ತಮ ದರ್ಜೆಯ ಮೌನ

ಬೀಗ ಒಡೆಯುವ ವಿದ್ಯೆ ನನಗೆ ಬರುವುದಿಲ್ಲ, ಬಂದರೂ ಆ ಕಡೆ ಹೋಗುವ ಧೈರ್ಯವಿಲ್ಲ. ಆದರೆ ಫೋನಿನಲ್ಲಿ ನಡೆಯುವುದನ್ನು ಫೋನೇ ರೆಕಾರ್ಡು ಮಾಡಿಕೊಳ್ಳುವ ಒಂದು ಗುಂಡಿ ಇರುತ್ತದಲ್ಲ, ನನ್ನ ಫೋನಿನಲ್ಲಿ ಆ ಹಾಡು ಹಾಕಿ ಅದನ್ನು ಒತ್ತಿದೆ. ಹಾಡು ಪೂರ್ತಿ ಮುಗಿಯುವವರೆಗೆ ಉಸಿರು ಬಿಗಿಹಿಡಿದು ಕೂತೆ. ಆಮೇಲೆ ಹಾಕಿ ನೋಡಿದರೆ ನಾಲ್ಕು ನಿಮಿಷದ ಮೌನ. ಆ್ಯಪಿಗೆ ನನ್ನ ಉಪಾಯ ಮೊದಲೇ ತಿಳಿದಿತ್ತು, ದನಿಯನ್ನು ಕೊಟ್ಟಿರಲೇ ಇಲ್ಲ.

ಭಾನುವಾರ ಇದನ್ನು ಹೇಳಿದಾಗ ಮ್ಯಾನೇಜರು ನಂಬಲಿಲ್ಲ. "ನಿಮ್ಮ ಫೋನಿನ ಸ್ಪೀಕರಿಗೆ ಸೂಕ್ಷ್ಮ ಗೊತ್ತಾಗಲ್ಲ ಕಣ್ರೀ, ಡಬ್ಬೀಗೆ ಹಾಕಿ ನೋಡೋಣ" ಎಂದರು. ಹಾಕಿದರು. ನೀಲಿ ದೀಪ ಹತ್ತಿತು. ಪರದೆ ಎಳೆದ ಹಾಲಿನಲ್ಲಿ ನಾವು ನಾಲ್ಕೂ ಜನ ಆಳೆತ್ತರದ ಸ್ಪೀಕರುಗಳ ಮುಂದೆ ಕೂತು ಏನೂ ಇಲ್ಲದ್ದನ್ನು ಕೇಳಿದೆವು. ದೂರದಲ್ಲಿ ಯಾವುದೋ ಆಟೋ ಹೋಯಿತು. ಮಲ್ಲಿಗೆ ಬಳ್ಳಿಯ ನೆರಳು ಪರದೆಯ ಮೇಲೆ ಅಲುಗಿತು. ಹಾಡಿಲ್ಲದಿದ್ದರೂ ಹಾಡಿನ ಮುಂದೆ ಕೂತ ಹಾಗೆ ಮನಸ್ಸು ಎಲ್ಲೋ ಹೋಗುತ್ತಿತ್ತು.

ಎರಡು ನಿಮಿಷಕ್ಕೆ ಸಾಹುಕಾರರ ತಲೆ ಸೋಫಾದ ಮೇಲೆ ವಾಲಿತು.

ಮ್ಯಾನೇಜರು ಗಡಿಯಾರ ನೋಡಿಕೊಂಡು, ದನಿ ತಗ್ಗಿಸಿ ಹೇಳಿದರು: "ಇಷ್ಟು ದಿನ ಕೇಳಿದ್ರಲ್ಲಿ ಇದೇ ಬೆಸ್ಟು ಕ್ವಾಲಿಟಿ ಕಣ್ರೀ."

ತಂಬೂರಿ

ಆಪರೇಷನ್ನಿಗೆ ಉಳಿದದ್ದು ಮೂರೇ ದಿನ. ಟೀಚರಮ್ಮ ಮರುದಿನವೇ ಹೊರಡುವವರಿದ್ದರು. ಖಾಲಿ ಪೆನ್‌ಡ್ರೈವನ್ನು ಪರ್ಸಿಗೆ ಹಾಕಿಕೊಳ್ಳುತ್ತ ಎದ್ದಾಗ ಅವರ ಮುಖ ನೋಡಲಾಗಲಿಲ್ಲ. ಆಗ ಹೊಳೆಯಿತು.

"ಕೂತ್ಕೊಳಿ ಟೀಚರಮ್ಮ. ಸ್ಪೀಕರಿಂದ ಆಚೆ ಬಂದಮೇಲೆ ಹಾಡು ಬರೀ ಗಾಳಿ. ಗಾಳೀಗೆ ಇನ್ನೂ ಯಾರೂ ಬೀಗ ಮಾಡಿಲ್ಲ."

ಮ್ಯಾನೇಜರ ಡಬ್ಬಿಯಿಂದ ಹಾಡು ಹಾಕುವುದು, ಸ್ಪೀಕರಿನ ಮುಂದೆ ಸ್ಟೂಲಿನ ಮೇಲೆ ನನ್ನ ಫೋನಿಟ್ಟು ಕೋಣೆಯ ದನಿಯನ್ನು ರೆಕಾರ್ಡು ಮಾಡುವುದು. ತಯಾರಿ ನಡೆಯಿತು. ಫ್ಯಾನು ನಿಂತಿತು. ಮ್ಯಾನೇಜರ ಹೆಂಡತಿ ಅಡುಗೆಮನೆಯ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಬಂದು ಬಾಗಿಲಲ್ಲಿ ನಿಂತರು. ಉಳಿದದ್ದು ಸಾಹುಕಾರರು.

"ಎಬ್ಬಿಸೋದು ಬೇಡ" ಎಂದರು ಮ್ಯಾನೇಜರು. "ಎದ್ರೆ ಕಾಲು ಗಂಟೆ ಕೆಮ್ಮುತಾರೆ. ಸದ್ಯಕ್ಕೆ ಸುಮ್ಮನಿದಾರೆ, ಹಂಗೇ ಇರ್ಲಿ."

ಹಾಡು ಶುರುವಾಯಿತು. ಮೊದಲು ಕೊಳಲು, ಆಮೇಲೆ ಮುಖ್ಯ ಗಾಯಕರು, ಆಮೇಲೆ ಕೋರಸ್. ಟೀಚರಮ್ಮ ಕಣ್ಣು ಮುಚ್ಚಿ, ಗಾಳಿಯಲ್ಲಿ ಒಂದು ಬೆರಳೆತ್ತಿ, ಎಲ್ಲರಿಗಿಂತ ಮೇಲೆ ಹೋಗುತ್ತಿದ್ದ ಒಂದು ತೆಳು ದನಿಯನ್ನು ತೋರಿಸಿದರು. ಅಕ್ಕನ ದನಿ ಎಂದು ಹೇಳದೆಯೇ ಗೊತ್ತಾಯಿತು. ನೀಲಿ ದೀಪ ನೋಡುತ್ತ ನೋಡುತ್ತ ನನಗೆ ಆ ಸ್ಟುಡಿಯೋ ಕಂಡಿತು: ಒಂದೇ ಮೈಕು, ಅದರ ಮುಂದೆ ಒಂದೇ ಬಣ್ಣದ ಲಂಗದಾವಣಿಯ ಇಬ್ಬರು ಹುಡುಗಿಯರು, ಉಗುರು ಕಚ್ಚುತ್ತಿರುವ ಚಿಕ್ಕವಳು. ನನ್ನ ಕಣ್ಣು ತೇವವಾಗಿತ್ತು.

ಎರಡನೆಯ ಸಲ ಕೋರಸ್ ಬಂದಾಗ ಆಗಬಾರದ್ದು ಆಯಿತು. ಟೀಚರಮ್ಮ ಹಾಡತೊಡಗಿದರು. ಮೆಲ್ಲಗೆ ಶುರು ಮಾಡಿ ಆಮೇಲೆ ಪೂರ್ತಿ ಗಂಟಲು ಬಿಟ್ಟರು. ತಡೆಯಲು ಕೈಯೆತ್ತಿದ ಮ್ಯಾನೇಜರನ್ನು ನಾನು ಹಿಡಿದುಕೊಂಡೆ. ಅದೇ ಹೊತ್ತಿಗೆ ಸೋಫಾದ ಕಡೆಯಿಂದ ಗೊರಕೆಯೂ ಶುರುವಾಯಿತು. ನನಗಿದ್ದದ್ದು ಎರಡೇ ಕೈ, ಎರಡೂ ಮ್ಯಾನೇಜರ ಮೇಲಿದ್ದವು.

ಹಾಡು ಮುಗಿಯಿತು. "ಅಕ್ಕನ ದನಿ ಸಿಕ್ತು ಟೀಚರಮ್ಮ. ಹಳೇದರಲ್ಲಿ ನಿಮ್ಮ ದನಿ ಯಾವುದು, ಗುರುತೇ ಹತ್ತಲಿಲ್ಲವಲ್ಲ" ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇದ್ದರೆ ತಾನೇ ಸಿಗೋದು. ಅವತ್ತು ನನಗೆ ನೆಗಡಿ ಕಣಪ್ಪ. ರೆಕಾರ್ಡಿಂಗಿನವರು ಹತ್ತಿರ ಬಂದು, ನೀನು ಬರೀ ಬಾಯಿ ಆಡಿಸಮ್ಮ ಸಾಕು ಅಂದ್ಬಿಟ್ಟರು. ಅಕ್ಕನಿಗೆ ಹೇಳಲೇ ಇಲ್ಲ. ಅವಳು 'ನಾನೂ ನನ್ನ ತಂಗಿಯೂ ಹಾಡಿದ್ದು' ಅಂತ ಇವತ್ತಿಗೂ ಊರಿಗೆಲ್ಲ ಹೇಳ್ಕೊಂಡು ಬರ್ತಿದಾಳೆ. ಅದಕ್ಕೇ ಇವತ್ತು ತಡೀಲಾಗಲಿಲ್ಲ."

ಸೋಫಾದ ಕಡೆ ಗೊರಕೆ ಇನ್ನೂ ನಡೆದಿತ್ತು. ಇನ್ನೊಮ್ಮೆ ರೆಕಾರ್ಡು ಮಾಡೋಣವೇ ಎಂದು ಕೇಳಿದ್ದಕ್ಕೆ, "ಇನ್ನೊಂದ್ಸಲ ಹಾಡೋಕ್ಕೆ ನನ್ನಿಂದ ಆಗಲ್ಲ, ಇದನ್ನೇ ಹಾಕಿಕೊಡು" ಎಂದರು. ಹಾಕಿಕೊಟ್ಟೆ.

ಎರಡು ವಾರ ಕೂಟಕ್ಕೆ ಟೀಚರಮ್ಮ ಇರಲಿಲ್ಲ. ಮೂರನೆಯ ಭಾನುವಾರ ಬಂದರು. ಆಪರೇಷನ್ನು ಚೆನ್ನಾಗಿ ಆಗಿತ್ತು. ಊಟ ಮುಗಿದು ಪರದೆ ಎಳೆದು, ನೀಲಿ ದೀಪದಲ್ಲಿ ಒಂದು ಹಾಡು ಮುಗಿಯುವ ಹೊತ್ತಿಗೆ ಅಕ್ಕನ ಫೋನು ಬಂತು. ಟೀಚರಮ್ಮ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

"ದಿನಾ ಮೂರು ಸಲ ಕೇಳ್ತಿದೀನಿ ಕಣೇ" ಎಂದಿತು ಆ ತೆಳು ದನಿ. "ಕ್ಯಾಸೆಟ್ಟಲ್ಲಿ ನಿನ್ನ ದನಿ ನನಗೆ ಯಾವತ್ತೂ ಸರಿಯಾಗಿ ಕೇಳ್ತಾನೇ ಇರ್ಲಿಲ್ಲ. ಟೇಪೇ ಸರಿ ಇಲ್ಲ ಅಂದ್ಕೊಂಡು ಸುಮ್ಮನಾಗಿದ್ದೆ. ಇದರಲ್ಲಿ ಪಕ್ಕದಲ್ಲೇ ನಿಂತು ಹಾಡಿದ ಹಾಗೆ ಕೇಳುತ್ತೆ. ಏನೇ ಹೇಳು, ಈಗಿನ ಡಿಜಿಟಲ್ಲು ಡಿಜಿಟಲ್ಲೇ."

ಮ್ಯಾನೇಜರು ಹೆಮ್ಮೆಯಿಂದ ಡಬ್ಬಿಯ ಮೇಲೆ ಕೈಯಿಟ್ಟರು. ಟೀಚರಮ್ಮ ನನ್ನ ಕಡೆ ನೋಡಿದರು. ನಾನು ಏನೂ ಗೊತ್ತಿಲ್ಲದವನಂತೆ ಪರದೆ ನೋಡಿದೆ.

"ಒಂದು ಮಾತು ಕೇಳೋದಿತ್ತು" ಎಂದರು ಅಕ್ಕ. "ಕ್ಯಾಸೆಟ್ಟಲ್ಲಿ ತಂಬೂರಿ ಇಷ್ಟು ಎದ್ದು ಕೇಳ್ತಿರಲಿಲ್ಲ. ಇದರಲ್ಲಿ ನೀನು ದನಿ ಎತ್ತಿದ ತಕ್ಷಣ ಹಿಂದೆ ಯಾರೋ ಶುರು ಮಾಡ್ತಾರಲ್ಲ, ಒಂದೇ ಸಮ, ಕೊನೇವರೆಗೂ ಶ್ರುತಿ ಬಿಡಲ್ಲ. ಯಾರೇ ಅವರು? ಇನ್ನೂ ಇದಾರಾ? ಸಿಕ್ಕಿದರೆ ನನ್ನ ನಮಸ್ಕಾರ ಹೇಳು."

ನಾವೆಲ್ಲ ಒಟ್ಟಿಗೆ ಸೋಫಾದ ಕಡೆ ತಿರುಗಿದೆವು. ಅವತ್ತು ಊಟಕ್ಕೆ ಬಿಸಿಬೇಳೆಬಾತ್ ಆಗಿತ್ತು. ವಿದ್ವಾಂಸರು ಆಗಲೇ ಕಣ್ಣು ಮುಚ್ಚಿ ಶ್ರುತಿ ಹಿಡಿದಿದ್ದರು.