ಕಾಲೂರದ ಚಾಂಪಿಯನ್

ನಾನು ಸೈಕಲ್ ಚಾಂಪಿಯನ್. ನಗಬೇಡಿ, ದೆಹಲಿಯ ನಮ್ಮ ಜನಕಪುರಿ ಫ್ಲಾಟಿನಲ್ಲಿ ಟಿ.ವಿ. ಪಕ್ಕ ಸಾಲಾಗಿ ನಿಂತಿರುವ ಕಪ್‌ಗಳೇ ಸಾಕ್ಷಿ. ನಮ್ಮ ಸಚಿವಾಲಯದ ವಾರ್ಷಿಕ ಕ್ರೀಡಾಕೂಟದಲ್ಲಿ ಈ ದಕ್ಷಿಣಾಮೂರ್ತಿಯನ್ನು ಸೋಲಿಸುವ ಗಂಡು ಇನ್ನೂ ಹುಟ್ಟಿಲ್ಲ. (ಅದು ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ಊರದೆ, ಎಲ್ಲರಿಗಿಂತ ಕಡೆಯಲ್ಲಿ ಗೆರೆ ಮುಟ್ಟಿದವನು ಗೆದ್ದಂತೆ. ಸರ್ಕಾರಿ ನೌಕರರಿಗೆ ಹೇಳಿ ಮಾಡಿಸಿದ ಆಟ ಅಂತ ನೀವು ಅನ್ನುವ ಮೊದಲು ನಾನೇ ಅಂದುಬಿಡುತ್ತೇನೆ.)

ಈ ಆವರಣದೊಳಗಿನ ಸಂಗತಿಯನ್ನು ನನ್ನ ಹೆಂಡತಿ ಲೀಲಾವತಿ ತವರಿಗೆ ಯಾವತ್ತೂ ತಿಳಿಸಿಲ್ಲ. "ನಮ್ಮೋರು ಸೈಕಲ್ ಚಾಂಪಿಯನ್ನು" ಅಂತಷ್ಟೇ ದಾವಣಗೆರೆಯಲ್ಲಿರುವ ಅವಳಕ್ಕ ಗಿರಿಜಮ್ಮನವರಿಗೆ ಹೇಳಿದ್ದಾಳೆ. ಕಪ್‌ಗಳ ಮೇಲೆ ಸತ್ಯವನ್ನು ಕೆತ್ತಿದ್ದಾರೆ ನಿಜ, ಆದರೆ ಹಿಂದಿಯಲ್ಲಿ. ಗಿರಿಜಮ್ಮನವರಿಗೆ ಹಿಂದಿ ಬಾರದು. ರಾಜಭಾಷೆಯಿಂದ ನನಗಾದ ಏಕೈಕ ಉಪಕಾರ ಇದು.

ಗಿರಿಜಮ್ಮನವರ ಮಗ ಸಾತ್ವಿಕ್ ಮಾತ್ರ ಆವರಣದ ಹಂಗಿಲ್ಲದ ಚಾಂಪಿಯನ್. ಗಾಳಿಯ ವೇಗದಲ್ಲಿ ಸೈಕಲ್ ಹೊಡೆದು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಹುಡುಗ. ಕ್ರೀಡಾ ಕೋಟಾದಲ್ಲಿ ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕಾಯಂ ಕೆಲಸ ಸಿಕ್ಕಿತು, ನಮ್ಮ ಮನೆಯಲ್ಲೇ ಉಳಿದುಕೊಂಡ. (ಅವನು ಬಂದ ದಿನವೇ ಲೀಲಾ ಕಪ್‌ಗಳ ಬರಹದ ಬದಿಯನ್ನು ಗೋಡೆಗೆ ತಿರುಗಿಸಿಟ್ಟಳು. ಅವನು ಶಾಲೆಯಲ್ಲಿ ಹಿಂದಿ ಓದಿದ್ದಾನೆ.)

ಒಂದು ಸಂಜೆ ಊಟಕ್ಕೆ ಕೂತಾಗ ಆ ಹುಡುಗ ಬಾಂಬು ಹಾಕಿದ.

"ಚಿಕ್ಕಪ್ಪ, ಮುಂದಿನ ತಿಂಗಳು ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ. ಟ್ರಯಾಥ್ಲಾನ್‌ಗೆ ಇಳೀತೀನಿ. ಪ್ರೊಫೆಷನಲ್ ಆಗಿ, ಲಾಂಗ್ ಡಿಸ್ಟೆನ್ಸ್."

"ಹಾಗಂದ್ರೆ?"

"ಮೊದಲು ಸುಮಾರು ನಾಲ್ಕು ಕಿಲೋಮೀಟರ್ ಈಜು. ಆಮೇಲೆ ನೂರ ಎಂಬತ್ತು ಕಿಲೋಮೀಟರ್ ಸೈಕಲ್. ಆಮೇಲೆ ನಲವತ್ತೆರಡು ಕಿಲೋಮೀಟರ್ ಓಟ."

"ಒಂದು ವಾರದಲ್ಲಾ?"

"ಒಂದೇ ದಿನ ಚಿಕ್ಕಪ್ಪ. ಮಧ್ಯೆ ಬಿಡುವಿಲ್ಲ."

ಲೀಲಾಳ ಕೈಯಲ್ಲಿದ್ದ ಸಾರಿನ ಸೌಟು ಗಾಳಿಯಲ್ಲೇ ನಿಂತಿತು. "ಮತ್ತೆ ಊಟ ಯಾವಾಗ್ಲೋ?"

"ಸೈಕಲ್ ಮೇಲೇ ಚಿಕ್ಕಮ್ಮ."

"ಶಿವ ಶಿವಾ!"

"ಅಪ್ಪಾ, ಕಿತ್ನಾ ಕೂಲ್ ಹೈ!" ಅಂದಳು ಕಾಲೇಜಿನಲ್ಲಿ ಓದುವ ನನ್ನ ಮಗಳು ಧಾರಿಣಿ. "ಸಾತ್ವಿಕ್ ಅಣ್ಣ ಕರ್ ಲೇಗಾ, ಮಾಡೇ ಮಾಡ್ತಾನೆ ನೋಡ್ತಾ ಇರು."

ಮರುದಿನವೇ ದಾವಣಗೆರೆಯಿಂದ ಗಿರಿಜಮ್ಮನವರ ಫೋನು ಬಂತು. "ನೋಡಿ ದಕ್ಷಿಣಾಮೂರ್ತಿಯವರೇ, ನೀವೂ ಚಾಂಪಿಯನ್ನು, ಅವನೂ ಚಾಂಪಿಯನ್ನು. ನಿಮ್ಮ ಮಾತು ಕೇಳ್ತಾನೆ. ಸಿಕ್ಕಿರೋ ಸರ್ಕಾರಿ ಕೆಲಸ ಬಿಡದ ಹಾಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ. ಬಿಟ್ಟ ಅಂದ್ರೆ ನಾನೇ ಹೊರಟು ಬರ್ತೀನಿ."

ಅವರು ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಹೋದ ಚಳಿಗಾಲದಲ್ಲಿ ಅವರು ಬಂದಿದ್ದಾಗ ಮಲಗುವ ಕೋಣೆ ಅವರ ವಶವಾಗಿ, ನನ್ನನ್ನು ಬಾಲ್ಕನಿಯ ಮಡಿಸುವ ಮಂಚಕ್ಕೆ ವರ್ಗಾಯಿಸಲಾಗಿತ್ತು. (ಮೇಲ್ಮನವಿಗೆ ಅವಕಾಶವಿರಲಿಲ್ಲ.) ದೆಹಲಿಯ ಜನವರಿಯಲ್ಲಿ ಬಾಲ್ಕನಿಯಲ್ಲಿ ಮಲಗಿದವನ ಕಷ್ಟ ಮಲಗಿದವನಿಗೇ ಗೊತ್ತು. ಇವತ್ತಿಗೂ ಆ ಮಂಚ ಕಂಡರೆ ನನಗೆ ಸೀನು ಬರುತ್ತದೆ.

ಆದರೆ ನಿಜ ಹೇಳಲೇ? ಹೆದರಿಕೆಯ ಜೊತೆಗೇ ಒಂದು ಕುತೂಹಲದ ಹುಳವೂ ತಲೆಗೆ ಹೊಕ್ಕಿತ್ತು. ಬರೀ ಸೈಕಲ್ಲಿನಲ್ಲಿ ಚಾಂಪಿಯನ್ ಆದವನು ಈ ಮೂರಂಕದ ನಾಟಕದಲ್ಲಿ ಗೆಲ್ಲಬಲ್ಲನೇ? ಕಡತ ಬಿಚ್ಚಿದರೂ ಅದೇ ಪ್ರಶ್ನೆ, ಮೆಟ್ರೋದಲ್ಲಿ ನೇತಾಡುತ್ತಿದ್ದರೂ ಅದೇ ಪ್ರಶ್ನೆ. ನನ್ನ ಪಕ್ಕದ ಮೇಜಿನ ಚಂದ್ರಮೋಹನನನ್ನು ಕೇಳಿದೆ. "ಲೆಕ್ಕದಲ್ಲಿ ನೂರಕ್ಕೆ ನೂರು ತಗೊಂಡು ಇಂಗ್ಲಿಷಲ್ಲಿ ಡುಮ್ಕಿ ಹೊಡೆದ್ರೆ ಪಾಸು ಮಾಡ್ತಾರೇನ್ರೀ?" ಅಂದ. ಮನೆಗೆ ಬಂದು ಲೀಲಾಳ ಮುಂದೆ ವಾದ ಹೂಡಿದೆ.

"ಅಲ್ಲ ಕಣೇ, ಇಡೀ ದಿನದಲ್ಲಿ ಹೆಚ್ಚು ಹೊತ್ತು ಕಳೆಯೋದು ಸೈಕಲ್ ಮೇಲೇ ತಾನೆ? ಅಲ್ಲಿ ಮುಂದೆ ಹೋದೋನು ಗೆದ್ದ ಹಾಗೇ ಅಲ್ವಾ?"

"ರೀ, ನಾನು ಸಾರು ಚೆನ್ನಾಗಿ ಮಾಡ್ತೀನಿ. ಹಾಗಂತ ಮದುವೆ ಮನೆ ಅಡುಗೆ ಪೂರ್ತಿ ಒಪ್ಪಿಸ್ತೀರಾ?"

"ಹೋಳಿಗೆಯೊಂದು ಬಿಟ್ಟು ಒಪ್ಪಿಸಬಹುದು."

"ನನ್ನ ಹೋಳಿಗೆಗೇನಾಗಿದೆ?" ಎಂದು ವಾದ ಬೇರೆ ದಾರಿ ಹಿಡಿಯಿತು. ಆ ರಾತ್ರಿ ಬರೀ ಸಾರನ್ನವೇ ಸಿಕ್ಕಿತು.

ಕೊನೆಗೆ ನಾನೊಂದು ಉಪಾಯ ಹೂಡಿದೆ. "ಸಾತ್ವಿಕ್, ಭಾನುವಾರ ನನ್ನ ಕಣ್ಣೆದುರಿಗೆ ಸೈಕಲ್ ಹೊಡೆದು ಓಡಿ ತೋರಿಸು. ಆಮೇಲೆ ರಾಜೀನಾಮೆ ಮಾತು." ಈಜನ್ನು ಬಿಟ್ಟೆವು. ಭದ್ರಾ ನಾಲೆಯಲ್ಲಿ ಈಜು ಕಲಿತವನು, ಆ ಬಗ್ಗೆ ಅವನಿಗೂ ಚಿಂತೆಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಧಾರಿಣಿಯೂ ನಾನೂ ಮನೆ ಹತ್ತಿರದ ಪಾರ್ಕಿನ ಗೇಟಿನಲ್ಲಿ ನಿಂತೆವು. ಪಕ್ಕದ ದ್ವಾರಕಾ ಬಡಾವಣೆಯ ಕಡೆಗೆ ಹೋದ ಸಾತ್ವಿಕ್ ಹಲವು ಸುತ್ತು ಹೊಡೆದು ಬಾಣದ ಹಾಗೆ ಬಂದ. ಸೈಕಲ್ ಇಳಿದು ಓಡಲು ಶುರು ಮಾಡಿದ. ಮೊದಲ ಸುತ್ತು ಜಿಂಕೆ. ಎರಡನೆಯ ಸುತ್ತಿನಲ್ಲಿ ವಾಕಿಂಗಿಗೆ ಬಂದ ಅಜ್ಜಂದಿರು ಅವನನ್ನು ಹಿಂದೆ ಹಾಕಿದರು. ಮೂರನೆಯದರಲ್ಲಿ ಹುಲ್ಲಿನ ಮೇಲೆ ಕುಸಿದು ಕೂತ.

"ಪ್ರತಿ ಸಲ ಹೀಗೇ ಚಿಕ್ಕಪ್ಪ. ಸೈಕಲ್ ಇಳಿದ ಮೇಲೆ ಕಾಲು ನಂದಲ್ಲ ಅನ್ಸುತ್ತೆ." ಅವನ ಕಣ್ಣಲ್ಲಿ ನೀರು ತುಂಬಿತ್ತು. "ಅಮ್ಮ ಹೇಳೋದೇ ಸರಿ. ಬೇಡ ಬಿಡಿ, ರಾಜೀನಾಮೆ ಕೊಡಲ್ಲ."

ಗೆದ್ದೆ! ಅಲ್ಲಿಗೆ ಬಾಯಿ ಮುಚ್ಚಿಕೊಂಡು ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಾಪ, ಹುಡುಗನ ಮುಖ ನೋಡಿ ನನಗೇ ಸಂಕಟವಾಯಿತು. ಅಷ್ಟರಲ್ಲಿ ಅವನು ಮುಗ್ಧವಾಗಿ ಕೇಳಿದ: "ನೀವು ಚಾಂಪಿಯನ್ ಆಗಿದ್ದಾಗ ನಿಮಗೂ ಹೀಗಾಗ್ತಿತ್ತಾ?"

"ಅರೇ ಅಣ್ಣ, ಅಪ್ಪ ತೋ ಸ್ಲೋ ಸೈಕ್ಲಿಂಗ್ ಕಾ ಚಾಂಪಿಯನ್ ಹೈ!" ಎಂದು ಧಾರಿಣಿ ವರ್ಷಗಳ ಗುಟ್ಟನ್ನು ರಟ್ಟು ಮಾಡಿದಳು.

ಸಾತ್ವಿಕ್ ಅಳು ಮರೆತು ನಕ್ಕುಬಿಟ್ಟ. ನಗಲಿ, ಬೇಡವೆನ್ನಲಿಲ್ಲ. ಆದರೆ ಹೊಟ್ಟೆ ಹಿಡಿದುಕೊಂಡು ನಗಬೇಕೇ? ನನಗೆ ರೋಷ ಬಂತು. ಅಲ್ಲೇ ಹೋಗುತ್ತಿದ್ದ ಹಾಲಿನ ಭಯ್ಯಾನ ಸೈಕಲ್ಲನ್ನು ಕೇಳಿ ಪಡೆದು ಕ್ಯಾನುಗಳನ್ನು ಇಳಿಸಿದೆ. "ಬಾರೋ, ಇಲ್ಲಿಂದ ಆ ಬೆಂಚಿನವರೆಗೆ. ಕಾಲೂರಬಾರದು!"

ಅವನ ವಿದೇಶಿ ಸೈಕಲ್ಲು ನಾಲ್ಕು ಮಾರು ಹೋಗುವಷ್ಟರಲ್ಲಿ ಓಲಾಡಿತು, ಅವನು ಕಾಲೂರಿದ. ಮತ್ತೆ ಪ್ರಯತ್ನಿಸಿದ, ಮತ್ತೆ ಊರಿದ. ನಾನು ಪ್ರಾತಃಕಾಲದ ಸೂರ್ಯನಂತೆ ಅತ್ಯಂತ ಗಂಭೀರವಾಗಿ, ಇದ್ದಲ್ಲೇ ಇದ್ದಂತೆ ಸಾಗುತ್ತಿದ್ದೆ. ಅಜ್ಜಂದಿರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನ್ನ ತಲೆ ಕೆಡಿಸಿತು.

"ಹೇಗೆ ಚಿಕ್ಕಪ್ಪ ಇದು?"

"ಸೈಕಲ್ ಹೊಡೆಯೋದು ಯಾರಿಗಾದ್ರೂ ಬರುತ್ತೆ ಮಗನೇ. ಹೊಡೀಬೇಕು ಅನ್ನಿಸಿದಾಗ ಹೊಡೀದೆ ಇರೋದು ಬರ್ಬೇಕು. ಪಕ್ಕದೋನು ಮುಂದೆ ಹೋಗ್ತಾನಾ? ಹೋಗ್ಲಿ ಬಿಡು, ಅವನ ಹಣೆಬರಹ. ನಿನ್ನ ಕಾಲಿನ ಕಸುವೆಲ್ಲ ಸೈಕಲ್ಲಿಗೇ ಸುರಿದ್ರೆ ಓಟಕ್ಕೇನು ಉಳಿಯುತ್ತೆ? ನೀನು ಚಾಂಪಿಯನ್ ಅಲ್ವಾ, ಹಿಂದೆ ಬೀಳೋಕೆ ನಾಚಿಕೆ ನಿನಗೆ. ಅದೇ ನಿನ್ನ ಕಾಯಿಲೆ!"

ಸಾತ್ವಿಕ್ ಸೈಕಲ್ ಇಳಿದು ಹತ್ತಿರ ಬಂದ. "ಚಿಕ್ಕಪ್ಪ, ಕೋಚ್ ಒಂದು ವರ್ಷದಿಂದ ಏನೇನೋ ಚಾರ್ಟ್ ತೋರ್ಸಿ ಇದನ್ನೇ ಹೇಳ್ತಿದ್ರು. ಇವತ್ತು ಅರ್ಥ ಆಯ್ತು!"

ನಾನು ಹಿಗ್ಗಿ ಹೀರೇಕಾಯಿಯಾದೆ. ಆಗಿರುವ ಅನಾಹುತ ಆಗಲೂ ನನಗೆ ಹೊಳೆಯಲಿಲ್ಲ ನೋಡಿ! ಮುಂದಿನ ಭಾನುವಾರ ಅವನು ಸೈಕಲ್ಲಿನ ಮೇಲೆ ತನ್ನನ್ನು ಹಿಡಿದಿಟ್ಟುಕೊಂಡ, ಕಂಡಕಂಡವರಿಗೆಲ್ಲ ದಾರಿ ಬಿಟ್ಟುಕೊಟ್ಟ. ಇಳಿದ ಮೇಲೆ ಓಡಿದ ಓಡಿದ, ನಾವು ಬ್ರೆಡ್ ಪಕೋಡ ತಿಂದು ಚಾಯ್ ಕುಡಿದು ಮುಗಿಸಿದರೂ ಓಡುತ್ತಲೇ ಇದ್ದ. ಸೋಮವಾರ ಬೆಳಿಗ್ಗೆ ನನ್ನ ಕಾಲು ಮುಟ್ಟಿ ನಮಸ್ಕರಿಸಿ, ನೇರವಾಗಿ ಕಚೇರಿಗೆ ಹೋಗಿ ರಾಜೀನಾಮೆ ಕೊಟ್ಟು ಬಂದ.

ಸಂಜೆ ಫೋನು. ಲೀಲಾ ಸ್ಪೀಕರ್ ಹಾಕಿದಳು.

"ದಕ್ಷಿಣಾಮೂರ್ತಿಯವರೇ, ನೀವು ಉಪದೇಶ ಮಾಡಿದ್ರಂತೆ. ಚಿಕ್ಕಪ್ಪನೇ ನನ್ನ ಗುರು ಅಂತಾನೆ. ಇರ್ಲಿ, ಆಗಿದ್ದಾಯ್ತು. ಅಷ್ಟೆಲ್ಲ ದುಡಿಯೋ ಹುಡುಗನ ಊಟ ತಿಂಡಿ ನೋಡ್ಕೊಳ್ಳೋಕೆ ತಾಯಿ ಬೇಡ್ವಾ? ಟಿಕೆಟ್ ತಗೊಂಡಾಗಿದೆ. ಅವನು ದೊಡ್ಡ ಸ್ಪರ್ಧೆ ಗೆಲ್ಲೋವರೆಗೂ ನಾನು ಅಲ್ಲೇ ಇರ್ತೀನಿ."

ಲೀಲಾ ನೇರವಾಗಿ ಬಾಲ್ಕನಿಗೆ ಹೋಗಿ ಮಡಿಸುವ ಮಂಚದ ಧೂಳು ಕೊಡವಿದಳು.

ಈಗ ಡಿಸೆಂಬರ್. ಸೈಕಲ್ ಚಾಂಪಿಯನ್ ಟ್ರಯಾಥ್ಲಾನ್ ಗೆಲ್ಲಬಲ್ಲನೇ ಎಂದು ಇಡೀ ಭರತಖಂಡದಲ್ಲಿ ನನ್ನಷ್ಟು ಕಾತರದಿಂದ ಕಾಯುತ್ತಿರುವ ಪ್ರಾಣಿ ಇನ್ನೊಂದಿಲ್ಲ. ದಿನಾ ಬೆಳಗ್ಗೆ ಮಫ್ಲರ್ ಸುತ್ತಿಕೊಂಡು, ಸೀನುತ್ತಾ, ಮಂಜಿನಲ್ಲಿ ಪಾರ್ಕಿನ ಗೇಟಿನಲ್ಲಿ ನಿಂತು ಕೂಗುತ್ತೇನೆ: "ಬೇಗ ಓಡೋ ಮಾರಾಯಾ! ಇನ್ನೂ ಬೇಗ!"

ಸಾತ್ವಿಕ್ ನಗುನಗುತ್ತಾ ನನ್ನ ಮುಂದೆಯೇ ಹಾದುಹೋಗುತ್ತಾನೆ. "ಅವಸರ ಏನಿದೆ ಚಿಕ್ಕಪ್ಪ? ದೊಡ್ಡದು ಗೆಲ್ಲೋಕೆ ಇನ್ನೂ ನಾಲ್ಕೈದು ವರ್ಷ ಬೇಕು ಅಂದಿದ್ದಾರೆ ಕೋಚ್. ನಿಧಾನಕ್ಕೆ ಹೋಗು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ!"